ಲೈಸೆನ್ಸ್ ಆಮೇಲೆ, ಮೊದಲು ಐಸಿಯು

ತಂಗಿ, ಮಂಗಳೂರಲ್ಲಿ ಬಿಎಸ್‌ಸಿ ನರ್ಸಿಂಗ್ ಮುಗಿಸಿ, ಅಲ್ಲೇ ನಾಲ್ಕು ವರ್ಷ ಐಸಿಯುನಲ್ಲಿ ದುಡಿದು, ಈಗ ಆರ್‌ಎನ್, ಅಂದರೆ ರಿಜಿಸ್ಟರ್ಡ್ ನರ್ಸ್ ಆಗಿ ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ಗೆ ಬಂದಿದ್ದೀಯ. ಅನಸ್ತೇಶಿಯಾ ನರ್ಸ್, ಅಂದರೆ ಸಿಆರ್‌ಎನ್‌ಎ ಆಗೋಕೆ ಯಾವ ರಾಜ್ಯದಲ್ಲಿ ಲೈಸೆನ್ಸ್ ಸುಲಭ ಅಂತ ಕೇಳಿದ್ದೀಯ. ರಾಜ್ಯದ ಮಾತು ಕೊನೆಗೆ ಬರುತ್ತದೆ. ಮೊದಲು ಒಂದು ಕಹಿ ವಿಷಯ: ಊರಿನ ಆ ನಾಲ್ಕು ವರ್ಷ ಇಲ್ಲಿ ಲೆಕ್ಕಕ್ಕಿಲ್ಲ.

ಸಿಆರ್‌ಎನ್‌ಎ ಕೋರ್ಸಿಗೆ ಸೇರಲು ಕನಿಷ್ಠ 1 ವರ್ಷ ಐಸಿಯುನಂಥ ಕಡೆ ಆರ್‌ಎನ್ ಆಗಿ ಕೆಲಸ ಮಾಡಿರಬೇಕು. ಅದೂ ಅಮೆರಿಕದೊಳಗೆ, ಇಲ್ಲವೇ ಅವರದೇ ಸೇನಾ ಆಸ್ಪತ್ರೆಯಲ್ಲಿ. ಇದು ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಂಸ್ಥೆಯ ನಿಯಮ, ರಾಜ್ಯ ಬದಲಾಯಿಸಿದರೆ ಬದಲಾಗುವುದಿಲ್ಲ. ಬೇಜಾರಾಗುತ್ತೆ, ಅಲ್ವಾ? ಆದರೆ ಪಳಗಿದ ಕೈ ಎಲ್ಲೂ ಹೋಗಲ್ಲ. ಬಿಪಿ ಏರಿಸುವ ಔಷಧಿ ಲೆವೋಫೆಡ್‌ನ ಡ್ರಿಪ್ ಹೆಚ್ಚಿಸಿದರೂ ಬಿಪಿ ಏಳದಿದ್ದರೆ ಮುಂದೇನು, ವೆಂಟಿಲೇಟರ್ ಅಲಾರಂ ಹೊಡೆದರೆ ಮೊದಲು ಏನು ನೋಡುತ್ತೀಯ ಅಂತ ಇಂಟರ್‌ವ್ಯೂನಲ್ಲಿ ಕೇಳುತ್ತಾರೆ. ಅಲ್ಲಿ ಮಂಗಳೂರಿನ ರಾತ್ರಿ ಪಾಳಿಗಳೇ ಕೈ ಹಿಡಿಯುತ್ತವೆ.

ಈಗ ಮೆಡ್-ಸರ್ಜ್, ಅಂದರೆ ಸಾಮಾನ್ಯ ರೋಗಿಗಳ ಮತ್ತು ಸರ್ಜರಿಯಾದವರ ವಾರ್ಡಿನಲ್ಲಿದ್ದೀನಿ ಅಂದೆಯಲ್ಲ, ಐಸಿಯುಗೆ ವರ್ಗ ಕೇಳು. ಕೆಲಸ ಕೊಡಿಸಿದ ಏಜೆನ್ಸಿಯ ಕಾಂಟ್ರಾಕ್ಟಿನಲ್ಲಿ, ಅವಧಿಯ ಮಧ್ಯೆ ಕೆಲಸ ಬಿಟ್ಟರೆ ಎಷ್ಟು ಕಟ್ಟಬೇಕು ಅನ್ನೋ ಸಾಲನ್ನು ಎರಡು ಸಲ ಓದು.

2022ರಿಂದ ಹೊಸದಾಗಿ ಸೇರುವವರಿಗೆಲ್ಲ ಡಾಕ್ಟರೇಟ್ ಮಟ್ಟದ ಕೋರ್ಸೇ. 3 ವರ್ಷ, ಕ್ಲಾಸು ಮತ್ತು ಆಪರೇಷನ್ ಥಿಯೇಟರ್. ಜೊತೆಗೆ ಕೆಲಸ ಮಾಡುವ ಆಸೆ ಇಟ್ಟುಕೊಳ್ಳಬೇಡ, ದುಡ್ಡು ಈಗಲೇ ಕೂಡಿಡು. ಆಮೇಲೆ ಅನಸ್ತೇಶಿಯಾ ನರ್ಸ್‌ಗಳಿಗೆ ಸರ್ಟಿಫಿಕೇಟ್ ಕೊಡುವ ಸಂಸ್ಥೆ ಎನ್‌ಬಿಸಿಆರ್‌ಎನ್‌ಎ ನಡೆಸುವ ರಾಷ್ಟ್ರಮಟ್ಟದ ಪರೀಕ್ಷೆ.

ಅದು ಪಾಸಾದ ಮೇಲೆ ರಾಜ್ಯ. ಟೆಕ್ಸಾಸ್‌ನಲ್ಲಿ ಬೋರ್ಡ್ ಆಫ್ ನರ್ಸಿಂಗ್‌ನಿಂದ ಎಪಿಆರ್‌ಎನ್ (ಉನ್ನತ ಮಟ್ಟದ ನರ್ಸ್) ಅನ್ನುವ ಪ್ರತ್ಯೇಕ ಲೈಸೆನ್ಸ್ ಪಡೆಯಬೇಕು. ಕಾಂಪ್ಯಾಕ್ಟ್ (ಒಂದೇ ಲೈಸೆನ್ಸ್ ಹಲವು ರಾಜ್ಯಗಳಲ್ಲಿ ನಡೆಯುವ ಒಪ್ಪಂದ) ಇದೆ, ಪಕ್ಕದ ರಾಜ್ಯ ಒಕ್ಲಹೋಮದಲ್ಲೂ ನಡೆಯುತ್ತೆ ಅನ್ನೋ ಮಾತು ಆರ್‌ಎನ್ ಲೈಸೆನ್ಸಿಗೆ ಮಾತ್ರ. ಕ್ಯಾಲಿಫೋರ್ನಿಯಾ ಆ ಕಾಂಪ್ಯಾಕ್ಟ್‌ನಲ್ಲೇ ಇಲ್ಲ.

ಅನಸ್ತೇಶಿಯಾ ನರ್ಸ್‌ಗೆ ಡಾಕ್ಟರ್ ಮೇಲ್ವಿಚಾರಣೆ ಬೇಕೇ ಬೇಕು ಅನ್ನೋ ಮೆಡಿಕೇರ್ (ಸರ್ಕಾರಿ ಆರೋಗ್ಯ ವಿಮೆ) ನಿಯಮದಿಂದ 2001ರಲ್ಲಿ ಅಯೋವ ಮೊದಲು ಹೊರಬಂತು, 2009ರಲ್ಲಿ ಕ್ಯಾಲಿಫೋರ್ನಿಯಾ. ಟೆಕ್ಸಾಸ್ ಬಂದಿಲ್ಲ. ಸುಮ್ನೆ ಇದಕ್ಕಾಗಿ ಈಗಲೇ ಊರು ಬದಲಿಸಬೇಡ. ಕಾನೂನು ಬಿಟ್ಟರೂ ಆಸ್ಪತ್ರೆಯ ನಿಯಮ ಬಿಡದೇ ಇರಬಹುದು.

ಇನ್ನೊಂದು, ನಿನ್ನ ತಮ್ಮ ಬಿಎಸ್‌ಸಿ ಅನಸ್ತೇಶಿಯಾ ಟೆಕ್ನಾಲಜಿಗೆ ಸೇರುತ್ತಾನಂತಲ್ಲ. ಅದು ನರ್ಸಿಂಗ್ ಡಿಗ್ರಿ ಅಲ್ಲ, ಆರ್‌ಎನ್ ಲೈಸೆನ್ಸಿನ ಪರೀಕ್ಷೆ ಎನ್‌ಕ್ಲೆಕ್ಸ್‌ಗೆ ಕೂರಿಸುವುದಿಲ್ಲ. ಈ ದಾರಿಯ ಕನಸಿದ್ದರೆ ಫೀಸು ಕಟ್ಟುವ ಮುಂಚೆಯೇ ಅವನಿಗೆ ಹೇಳು.