ಲಸಿಕೆ ಸೋತಿಲ್ಲ, ದಾರಿ ಸಿಕ್ಕಿರಲಿಲ್ಲ

ಪ್ರಶ್ನೆ: ಡಿಎನ್‌ಎ ಲಸಿಕೆ ಬಂತು, ಬಂತು ಅಂತ ಮೂವತ್ತು ವರ್ಷದಿಂದ ಓದುತ್ತಿದ್ದೇನೆ. ಕೋವಿಡ್ ಕಾಲದಲ್ಲಿ ಎಂಆರ್‌ಎನ್‌ಎ ಲಸಿಕೆ ಒಂದೇ ವರ್ಷದಲ್ಲಿ ಬಂದು ಕೆಲಸ ಮುಗಿಸಿತು. ಸೋತ ಕುದುರೆಗೆ ಇನ್ನೂ ಯಾಕೆ ಪುಟ ಕೊಡುತ್ತೀರಿ?
– ಒಬ್ಬ ಓದುಗ

ಉತ್ತರ: ಕುದುರೆಯ ಮಾತು ನೀವೇ ತೆಗೆದಿರಿ, ಒಳ್ಳೇದಾಯ್ತು. ಅಮೆರಿಕದಲ್ಲಿ 2005ರಲ್ಲೇ ಕುದುರೆಗಳಿಗೆ ವೆಸ್ಟ್ ನೈಲ್ ವೈರಸ್ ವಿರುದ್ಧ ಡಿಎನ್‌ಎ ಲಸಿಕೆಗೆ ಒಪ್ಪಿಗೆ ಸಿಕ್ಕಿತ್ತು. ಅದೇ ವರ್ಷ ಕೆನಡಾದಲ್ಲಿ ಸಾಲ್ಮನ್ ಮೀನಿಗೂ ಒಂದು ಬಂತು. ಪ್ರಾಣಿಗಳ ಲಸಿಕೆ ಮುಖಪುಟದ ಸುದ್ದಿ ಆಗೋದಿಲ್ಲ. ಹಾಗಾಗಿ ನಿಮ್ಮ ಲೆಕ್ಕಕ್ಕೂ ಸೇರಲಿಲ್ಲ, ಅಲ್ವಾ?

ಮನುಷ್ಯರ ವಿಷಯದಲ್ಲಿ ತಡವಾಯಿತು, ನಿಜ. ಆದರೆ ಆ ತಪ್ಪನ್ನು ಲಸಿಕೆಯ ತಲೆಗೆ ಕಟ್ಟುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಡಿಎನ್‌ಎ ಲಸಿಕೆ ಅಂದರೆ ರೋಗಾಣುವಿನ ಒಂದು ಪ್ರೋಟೀನ್ ತಯಾರಿಸುವ ಸೂಚನೆ. ನಮ್ಮ ಜೀವಕೋಶವೇ ಅದನ್ನು ಓದಿ ಪ್ರೋಟೀನ್ ಮಾಡುತ್ತದೆ, ಅದನ್ನು ನೋಡಿ ದೇಹ ರೋಗಾಣುವನ್ನು ಎದುರಿಸಲು ಕಲಿಯುತ್ತದೆ. ಎಂಆರ್‌ಎನ್‌ಎ ಅಂದರೆ ಅಂಥ ಸೂಚನೆಯ ನಕಲು. 1990ರಲ್ಲಿ ಜಾನ್ ವುಲ್ಫ್ ಮತ್ತು ಸಂಗಡಿಗರು ಇಲಿಯ ಸ್ನಾಯುವಿಗೆ ಬರೀ ಡಿಎನ್‌ಎ ಚುಚ್ಚಿದರು. ಸ್ನಾಯು ಅದನ್ನು ಓದಿಕೊಂಡು ಪ್ರೋಟೀನ್ ತಯಾರಿಸಿತು. 1993ರಲ್ಲಿ ಜೆಫ್ರಿ ಉಲ್ಮರ್, ಮಾರ್ಗರೆಟ್ ಲಿಯು ಇದ್ದ ತಂಡ ಇದೇ ದಾರಿಯಲ್ಲಿ ಇಲಿಗಳನ್ನು ಫ್ಲೂನಿಂದ ಕಾಪಾಡಿತು. ಇನ್ನೇನು ಬೇಕು? ಮನುಷ್ಯರಿಗೆ ಚುಚ್ಚಿದರೆ ಮಾತ್ರ ಸಪ್ಪೆ. ಇಲಿಯ ಕಾಲಿನ ಸ್ನಾಯು ಎಷ್ಟಿರುತ್ತೆ ಹೇಳಿ? ಅದಕ್ಕೆ ದ್ರವ ತುಂಬಿದ ಒತ್ತಡಕ್ಕೇ ಒಂದಿಷ್ಟು ಡಿಎನ್‌ಎ ಜೀವಕೋಶಗಳ ಒಳಗೆ ನುಗ್ಗುತ್ತದೆ. ನಮ್ಮ ತೋಳಿನಲ್ಲಿ ಅಷ್ಟು ಒತ್ತಡ ಹುಟ್ಟುವುದಿಲ್ಲ. ಜೊತೆಗೆ, ಎಂಆರ್‌ಎನ್‌ಎಗೆ ಜೀವಕೋಶದ ಹೊರಪೊರೆ ದಾಟಿದರೆ ಸಾಕು. ಡಿಎನ್‌ಎ ಅಲ್ಲಿಂದ ಮುಂದೆ ಕೋಶಕೇಂದ್ರದವರೆಗೂ ಹೋಗಬೇಕು.

ಎಂಆರ್‌ಎನ್‌ಎ ಗೆದ್ದದ್ದೂ ಕೊಬ್ಬಿನ ಪುಟಾಣಿ ಕಣದೊಳಗೆ ಕೂತು ಹೋದದ್ದರಿಂದ. ಸುಮ್ನೆ 'ಒಂದೇ ವರ್ಷ' ಅಂದುಬಿಟ್ಟಿರಿ. ಆ ಕಣದ ಹಿಂದೆ ದಶಕಗಳ ದುಡಿಮೆ ಇದೆ ಸ್ವಾಮಿ.

ನನಗೆ ಪ್ರೀತಿ ಜಾಸ್ತಿ ಇರುವುದು ಹೀಗೆ ಸಾಗಿಸುವ ದಾರಿ ಹುಡುಕಿದವರ ಮೇಲೆ. 1980ರ ದಶಕದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಜಾನ್ ಸ್ಯಾನ್‌ಫರ್ಡ್ ಮತ್ತು ಜೊತೆಗಾರರು ಟಂಗ್‌ಸ್ಟನ್ ಕಣಗಳಿಗೆ ಡಿಎನ್‌ಎ ಅಂಟಿಸಿ ಈರುಳ್ಳಿಯ ಮೇಲೆ ಹಾರಿಸಿದರು. ನಿಜವಾದ ಸಿಡಿಮದ್ದಿನ ಬಲದಲ್ಲಿ! ಓದಿ ನಕ್ಕವರು ಇದ್ದಿರಬೇಕು. 1992ರಲ್ಲಿ ಇನ್ನೊಂದು ತಂಡ ಅದೇ ಬಗೆಯ 'ಜೀನ್ ಗನ್'ನಿಂದ ಇಲಿಯ ಕಿವಿಗೆ ಡಿಎನ್‌ಎ ಅಂಟಿಸಿದ ಚಿನ್ನದ ಕಣ ಹೊಡೆದು ಪ್ರತಿಕಾಯ (ಹೊರಗಿನ ವಸ್ತುವನ್ನು ಹಿಡಿಯುವ ಪ್ರೋಟೀನ್) ಹುಟ್ಟಿಸಿ ತೋರಿಸಿತು. ಚುಚ್ಚಿದ ಜಾಗಕ್ಕೆ ಕ್ಷಣಕಾಲ ವಿದ್ಯುತ್ ಹಾಯಿಸುವವರೂ ಇದ್ದಾರೆ. ಪೊರೆಯಲ್ಲಿ ಸಣ್ಣ ತೂತು ಬೀಳುತ್ತದೆ, ಡಿಎನ್‌ಎ ಒಳಗೆ ಸೇರುತ್ತದೆ, ತೂತು ತಾನಾಗಿ ಮುಚ್ಚಿಕೊಳ್ಳುತ್ತದೆ. ಕೆಲಸ ಚೆನ್ನಾಗಿ ಆಗುತ್ತೆ. ಆದರೆ ನೋವಿದೆ, ಯಂತ್ರವೂ ಬೇಕು.

2021ರ ಆಗಸ್ಟ್‌ನಲ್ಲಿ ಭಾರತ ಜೈಡಸ್ ಕಂಪನಿಯ ಕೋವಿಡ್ ಲಸಿಕೆ ಜೈಕೋವ್-ಡಿಗೆ ತುರ್ತು ಬಳಕೆಯ ಒಪ್ಪಿಗೆ ಕೊಟ್ಟಿತು. ಮನುಷ್ಯರಿಗೆ ಒಪ್ಪಿಗೆ ಸಿಕ್ಕ ಜಗತ್ತಿನ ಮೊದಲ ಡಿಎನ್‌ಎ ಲಸಿಕೆ ಅದು. ಸೂಜಿಯೇ ಇಲ್ಲ. ಸ್ಪ್ರಿಂಗ್‌ನ ಬಲಕ್ಕೆ ತೆಳ್ಳನೆಯ ದ್ರವದ ಎಳೆ ಚಿಮ್ಮಿ ಚರ್ಮದ ಪದರದಲ್ಲೇ ನಿಲ್ಲುತ್ತದೆ. ರೋಗಾಣುವನ್ನು ಗುರುತಿಸುವ ಕಾವಲು ಕೋಶಗಳು ಅಲ್ಲಿ ತುಂಬಾ ಇರುತ್ತವೆ. 28,000ಕ್ಕೂ ಹೆಚ್ಚು ಜನರ ಪರೀಕ್ಷೆಯಲ್ಲಿ ಶೇ 66.6ರಷ್ಟು ರಕ್ಷಣೆ ಸಿಕ್ಕಿತು. ಮೂರು ಡೋಸ್ ಬೇಕಾಯಿತು, ಆ ದೂರು ನಿಮ್ಮ ಖಾತೆಗೆ ಬರೆದುಕೊಳ್ಳಿ. ಆದರೆ ಆ ಸ್ಪ್ರಿಂಗ್ ಉಪಕರಣದ ಬಗ್ಗೆ ಎಷ್ಟು ವರದಿ ಓದಿದಿರಿ?

ನಮ್ಮಲ್ಲಿಗೆ ಬರುವ ವಿಜ್ಞಾನ ಲೇಖನಗಳದ್ದೂ ಇದೇ ಪಾಡು. ಅಣುವಿನ ವರ್ಣನೆಗೆ ಎರಡು ಪುಟ. ಕೊನೆಗೆ 'ಇದನ್ನು ಚುಚ್ಚುಮದ್ದಿನ ಮೂಲಕ ನೀಡಲಾಗುತ್ತದೆ' ಅಂತ ಒಂದು ಸಾಲು. ಯಾವ ಪದರಕ್ಕೆ, ಯಾವ ಉಪಕರಣದಲ್ಲಿ, ಕೊಡುವವರಿಗೆ ತರಬೇತಿ ಏನು? ಕೇಳಿದರೆ ಬರೆದವರಿಗೆ ಬೇಜಾರು. ಅಂಥ ಲೇಖನಗಳನ್ನು ವಾಪಸ್ ಕಳಿಸುತ್ತೇನೆ, ಬೈಸಿಕೊಳ್ಳುತ್ತೇನೆ. ನಿಮ್ಮ ಬರವಣಿಗೆಯಲ್ಲಿ ಖಾರ ಇದೆ. ಜೀನ್ ಗನ್ ಬಗ್ಗೆ ಓದಿ ನೀವೇ ಒಂದು ಲೇಖನ ಕಳಿಸಿ, ಪುಟ ಕೊಡುತ್ತೇನೆ.