ಎಷ್ಟು ಗಲ್ಲು, ಎಷ್ಟು ಜೀವಾವಧಿ ಎಂಬ ಲೆಕ್ಕವನ್ನು ನಾವೇಕೆ ಅಚ್ಚು ಮಾಡಲಿಲ್ಲ

ಮಾನ್ಯರೇ,

ವಿಶೇಷ ಸರ್ಕಾರಿ ಅಭಿಯೋಜಕ ಉಜ್ವಲ್ ನಿಕಂ ಅವರ ವೃತ್ತಿಜೀವನವನ್ನು ಕುರಿತು ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನಕ್ಕೆ ತಾವು ಬರೆದ ಪತ್ರ ತಲುಪಿದೆ. ಅದರಲ್ಲಿ ಮೂರು ಆಕ್ಷೇಪಗಳಿವೆ. ಅವರು 628 ಮಂದಿಗೆ ಜೀವಾವಧಿ, 37 ಮಂದಿಗೆ ಮರಣದಂಡನೆ ಕೊಡಿಸಿದ್ದಾರೆಂದು ದೇಶದ ಪತ್ರಿಕೆಗಳೆಲ್ಲ ಬರೆಯುತ್ತಿರುವಾಗ ಆ ಅಂಕಿಯನ್ನು ನಾವು ಎಲ್ಲಿಯೂ ಹೇಳದೆ ಅವರ ಸಾಧನೆಯನ್ನು ಕುಗ್ಗಿಸಿದ್ದೇವೆ ಎಂಬುದು ಮೊದಲನೆಯದು. 2008ರ ಮುಂಬೈ ದಾಳಿಯಲ್ಲಿ (26/11) ಜೀವಂತ ಸೆರೆಸಿಕ್ಕ ಕಸಬ್‌ನ ಬಿರಿಯಾನಿ ಪ್ರಸಂಗವನ್ನು ಕೆದಕುವ ಅಗತ್ಯವಿರಲಿಲ್ಲ ಎಂಬುದು ಎರಡನೆಯದು. ಮಹಾರಾಷ್ಟ್ರದವರ ಬಗ್ಗೆ ಇಷ್ಟು ಪುಟ ಕೊಟ್ಟ ಪತ್ರಿಕೆಗೆ ಕರ್ನಾಟಕದಲ್ಲಿ ಒಬ್ಬ ಅಭಿಯೋಜಕರೂ ಕಾಣಲಿಲ್ಲವೇ ಎಂಬುದು ಮೂರನೆಯದು. ಒಂದೊಂದಾಗಿ ಉತ್ತರಿಸುತ್ತೇವೆ. ಮೊದಲನೆಯದಕ್ಕೆ ಹೆಚ್ಚು ಜಾಗ ಬೇಕಾಗುತ್ತದೆ.

ಆ ಅಂಕಿಯನ್ನು ನಾವು ಮರೆತು ಬಿಟ್ಟದ್ದಲ್ಲ, ತಿಳಿದೇ ಬಿಟ್ಟದ್ದು. ಅಂಕಿಯನ್ನು ಯಾರು ಹೇಗೆ ಎಣಿಸಿದರು ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಅದು ಪೂರ್ತಿ ನಿಜವೆಂದೇ ಒಪ್ಪಿಕೊಂಡು ನೋಡೋಣ. ವಿಚಾರಣಾ ನ್ಯಾಯಾಲಯ ಮರಣದಂಡನೆ ವಿಧಿಸಿದರೆ ಅದು ತಾನಾಗಿಯೇ ಜಾರಿಯಾಗುವುದಿಲ್ಲ. ಹೈಕೋರ್ಟ್ ದೃಢೀಕರಿಸದ ಹೊರತು ಜಾರಿ ಮಾಡುವಂತಿಲ್ಲವೆಂದು ಕಾನೂನು ಹೇಳುತ್ತದೆ. ಅಂದರೆ ಸೆಷನ್ಸ್ ನ್ಯಾಯಾಲಯದ ಗಲ್ಲುಶಿಕ್ಷೆ ಅರ್ಧ ದಾರಿಯ ತೀರ್ಪು. 1993ರ ಮಾರ್ಚ್ 12ರಂದು 257 ಜನರನ್ನು ಬಲಿ ತೆಗೆದುಕೊಂಡ ಮುಂಬೈ ಸರಣಿ ಸ್ಫೋಟದ ಮೊಕದ್ದಮೆಯಲ್ಲಿ ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯ ನ್ಯಾಯಾಧೀಶ ಪಿ.ಡಿ. ಕೋಡೆ ಅವರು ನೂರು ಮಂದಿಯನ್ನು ತಪ್ಪಿತಸ್ಥರೆಂದು ಹೇಳಿ, ಅವರಲ್ಲಿ 12 ಮಂದಿಗೆ ಮರಣದಂಡನೆ ವಿಧಿಸಿದರು. 2013ರ ಮಾರ್ಚ್ 21ರಂದು ಸುಪ್ರೀಂ ಕೋರ್ಟ್ ಅವರಲ್ಲಿ ಹತ್ತು ಮಂದಿಯ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಇನ್ನೊಬ್ಬ ಅಷ್ಟರಲ್ಲಿ ತೀರಿಕೊಂಡಿದ್ದ. ಉಳಿದದ್ದು ಯಾಕೂಬ್ ಮೆಮನ್ ಒಬ್ಬನದು. ಭಂಡಾರಾ ಜಿಲ್ಲೆಯ ಖೈರ್ಲಾಂಜಿಯಲ್ಲಿ 2006ರ ಸೆಪ್ಟೆಂಬರ್ 29ರಂದು ದಲಿತ ಕುಟುಂಬವೊಂದರ ನಾಲ್ವರನ್ನು ಕೊಂದ ಪ್ರಕರಣದಲ್ಲಿ ಭಂಡಾರಾದ ನ್ಯಾಯಾಲಯ ಆರು ಮಂದಿಗೆ ಗಲ್ಲು ವಿಧಿಸಿತ್ತು. 2010ರ ಜುಲೈನಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಅದನ್ನು 25 ವರ್ಷಗಳ ಸೆರೆವಾಸಕ್ಕೆ ಇಳಿಸಿತು. ಮುಂಬೈನ ಶಕ್ತಿ ಮಿಲ್ಸ್ ಸಾಮೂಹಿಕ ಅತ್ಯಾಚಾರ ಪ್ರಕರಣದಲ್ಲಿ 2014ರಲ್ಲಿ ಮೂವರಿಗೆ ಗಲ್ಲಾಯಿತು. 2021ರ ನವೆಂಬರ್‌ನಲ್ಲಿ ಹೈಕೋರ್ಟ್ ಅದನ್ನು ಜೀವಾವಧಿಯಾಗಿಸಿತು. ಮೂರರಲ್ಲೂ ಅಭಿಯೋಜಕರು ನಿಕಂ. ಮೂರನ್ನೂ ಕೂಡಿಸಿದರೆ ಮರಣದಂಡನೆಗಳು 21, ಕೊನೆಗೆ ನಿಂತದ್ದು ಒಂದು.

ಇದನ್ನು ಅವರ ಸೋಲೆಂದು ನಾವು ಹೇಳುತ್ತಿಲ್ಲ. ಶಿಕ್ಷೆಯ ಪ್ರಮಾಣ ಇಳಿದರೂ ಅಪರಾಧ ಸಾಬೀತಾಗಿದೆ ಎಂಬ ತೀರ್ಮಾನ ಈ ಪ್ರಕರಣಗಳಲ್ಲಿ ಬಹುಮಟ್ಟಿಗೆ ಗಟ್ಟಿಯಾಗಿ ಉಳಿಯಿತು, ಮತ್ತು ಅದೇ ಅಭಿಯೋಜಕರ ನಿಜವಾದ ಕೆಲಸ. ಶಿಕ್ಷೆ ಎಷ್ಟು ಎಂಬುದು ನ್ಯಾಯಾಧೀಶರ ವಿವೇಚನೆಗೆ ಸೇರಿದ್ದು. ಅದನ್ನು ವಕೀಲರ ಖಾತೆಗೆ ಬರೆದು, ಮೇಲಿನ ನ್ಯಾಯಾಲಯ ಅಳಿಸಿದ ಮೇಲೂ ಹಾಗೆಯೇ ಉಳಿಸಿಕೊಂಡು ಬರುವುದು ಯಾವ ಲೆಕ್ಕ? ನಮ್ಮದೇ ರಾಜ್ಯದ ಉದಾಹರಣೆ ನೋಡಿ. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ವೀರಪ್ಪನ್ ತಂಡ ನೆಲಬಾಂಬ್ ಸಿಡಿಸಿ 22 ಜನರನ್ನು ಕೊಂದಿತು. ಆ ಪ್ರಕರಣದಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ 2001ರಲ್ಲಿ ನಾಲ್ವರಿಗೆ ಜೀವಾವಧಿ ವಿಧಿಸಿತು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮರಣದಂಡನೆಗೆ ಏರಿಸಿತು. ಕ್ಷಮಾದಾನದ ಅರ್ಜಿ ಇತ್ಯರ್ಥವಾಗುವುದು ವಿಪರೀತ ತಡವಾಯಿತೆಂದು 2014ರ ಜನವರಿಯಲ್ಲಿ ಅದೇ ನ್ಯಾಯಾಲಯ ಮತ್ತೆ ಜೀವಾವಧಿಗೆ ಇಳಿಸಿತು. ಮೈಸೂರಿನಲ್ಲಿ ವಾದಿಸಿದವರ ಖಾತೆಗೆ ಇದರಲ್ಲಿ ಯಾವುದನ್ನು ಜಮೆ ಮಾಡೋಣ?

ಇನ್ನೊಂದು ಕಾರಣ ಪ್ರಕರಣಗಳು ಬರುವ ದಾರಿಗೆ ಸಂಬಂಧಿಸಿದ್ದು. ದಂಡ ಪ್ರಕ್ರಿಯಾ ಸಂಹಿತೆಯ 24ನೆಯ ಕಲಮಿನ ಪ್ರಕಾರ, ಕನಿಷ್ಠ ಹತ್ತು ವರ್ಷ ವಕೀಲಿಕೆ ಮಾಡಿದವರನ್ನು ಒಂದು ನಿರ್ದಿಷ್ಟ ಪ್ರಕರಣಕ್ಕಾಗಿ ಸರ್ಕಾರ ವಿಶೇಷ ಅಭಿಯೋಜಕರನ್ನಾಗಿ ನೇಮಿಸಬಹುದಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಆ ಏರ್ಪಾಡು ಮುಂದುವರಿದಿದೆ. ನಾಡಿನ ಕಣ್ಣೆಲ್ಲ ನೆಟ್ಟಿರುವ, ಹಿರಿಯ ಪೊಲೀಸ್ ಅಧಿಕಾರಿಗಳೇ ನಿಂತು ತನಿಖೆ ಮಾಡಿಸಿದ ಪ್ರಕರಣಗಳು ಸಾಮಾನ್ಯವಾಗಿ ಇಂಥವರ ಕೈಗೆ ಬರುತ್ತವೆ. ತಾಲ್ಲೂಕು ನ್ಯಾಯಾಲಯದ ಸಹಾಯಕ ಅಭಿಯೋಜಕರಿಗೆ ಈ ಭಾಗ್ಯವಿಲ್ಲ. ಅವರ ಎದುರಿಗೆ ಅದೇ ದಿನ ಕೂಗುವ ಹತ್ತಾರು ಕಡತಗಳಿರುತ್ತವೆ. ಸಮನ್ಸ್ ಜಾರಿಯಾಗದೆ ಸಾಕ್ಷಿ ಬಂದಿರುವುದಿಲ್ಲ. ವಸ್ತು ವಶಪಡಿಸಿಕೊಂಡದ್ದಕ್ಕೆ ಸಾಕ್ಷಿಯಾಗಿ ಸಹಿ ಹಾಕಿದ ಮಹಜರು ಪಂಚ ಬಂದರೂ ಕಟಕಟೆಗೆ ಹತ್ತಿ, ಸಹಿ ನನ್ನದೇ ಸ್ವಾಮಿ, ಠಾಣೆಗೆ ಕರೆಸಿ ಹಾಕಿಸಿಕೊಂಡರು, ಅದರಲ್ಲೇನು ಬರೆದಿತ್ತೋ ನಾನು ಓದಿಲ್ಲ ಎನ್ನುತ್ತಾನೆ. ಅಲ್ಲಿಗೆ ಚಾಕು ವಶಪಡಿಸಿಕೊಂಡ ಕಥೆ ಮುಗಿಯಿತು. ಆತನನ್ನು ಪ್ರತಿಕೂಲ ಸಾಕ್ಷಿಯೆಂದು ಪರಿಗಣಿಸಲು ಅನುಮತಿ ಕೇಳಿ ಪಾಟೀಸವಾಲು ಮಾಡಿದರೂ ಬರುವ ಉತ್ತರ ಎಲ್ಲದಕ್ಕೂ ‘ಸರಿಯಲ್ಲ’ ಎಂಬುದೇ. ಇಂಥ ನ್ಯಾಯಾಲಯದಲ್ಲಿ ಮೂವತ್ತು ವರ್ಷ ದುಡಿದವರ ಪಟ್ಟಿಯನ್ನೂ ನಿಕಂ ಅವರ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ತೂಗುವುದು ನ್ಯಾಯವಲ್ಲ.

ಹಾಗಾದರೆ ಹಿರಿಯ ಅಭಿಯೋಜಕರ ದಾಖಲೆಯನ್ನು ಅಳೆಯುವುದು ಹೇಗೆ ಎಂದು ತಾವು ಕೇಳಬಹುದು. ನಮ್ಮ ಲೇಖನ ಮಾಡಲು ಯತ್ನಿಸಿದ್ದು ಅದನ್ನೇ. 26/11ರ ಮೊಕದ್ದಮೆಯಲ್ಲಿ ನಿಕಂ ಅವರ ಅತ್ಯುತ್ತಮ ಗಳಿಗೆ ನಮ್ಮ ದೃಷ್ಟಿಯಲ್ಲಿ 2010ರ ಮೇ 6ರ ಗಲ್ಲುಶಿಕ್ಷೆಯಲ್ಲ. 2009ರ ಜುಲೈ 20. ಅಂದು ವಿಚಾರಣೆಯ ನಡುವೆ ಅಜ್ಮಲ್ ಕಸಬ್ ಎದ್ದು ನಿಂತು ತಪ್ಪೊಪ್ಪಿಕೊಂಡ. ಅದನ್ನೇ ಹಿಡಿದು ಶಿಕ್ಷೆ ಕೇಳಿ ಕೈತೊಳೆದುಕೊಳ್ಳಬಹುದಿತ್ತು. ಜನರೂ ಚಪ್ಪಾಳೆ ತಟ್ಟುತ್ತಿದ್ದರು. ನಿಕಂ ಹಾಗೆ ಮಾಡದೆ, ಇದು ಅರ್ಧ ಸತ್ಯದ ಒಪ್ಪಿಗೆ, ಶಿಕ್ಷೆ ತಗ್ಗಿಸಿಕೊಳ್ಳುವ ಉಪಾಯ ಎಂದು ವಾದಿಸಿದರು. ನ್ಯಾಯಾಧೀಶ ಎಂ.ಎಲ್. ತಹಲಿಯಾನಿ ಅವರು ಹೇಳಿಕೆಯನ್ನು ದಾಖಲಿಸಿಕೊಂಡು ವಿಚಾರಣೆಯನ್ನು ಮುಂದುವರಿಸಿದರು. 166 ಜನರ ಸಾವಿನ ಪ್ರಕರಣ ಒಬ್ಬ ಆರೋಪಿಯ ಬಾಯಿಮಾತಿನ ಮೇಲೆ ನಿಲ್ಲದೆ ಸಾಕ್ಷ್ಯದ ಮೇಲೆ ನಿಂತಿತು. ಹೈಕೋರ್ಟಿನಲ್ಲಿ 2011ರಲ್ಲಿ, ಸುಪ್ರೀಂ ಕೋರ್ಟಿನಲ್ಲಿ 2012ರ ಆಗಸ್ಟ್ 29ರಂದು ಅದು ಅಲುಗದೆ ಉಳಿಯಿತು. ಆ ಬಳಿಕ ಅಮೆರಿಕದ ಸೆರೆಯಲ್ಲಿದ್ದ ದಾಳಿಯ ಸಂಚಿನ ಪಾಲುದಾರ ಡೇವಿಡ್ ಹೆಡ್ಲಿ ಮಾಫಿ ಸಾಕ್ಷಿಯಾದಾಗ (ಕ್ಷಮೆಗೆ ಪ್ರತಿಯಾಗಿ ಸಾಕ್ಷಿ ಹೇಳುವವನು), 2016ರ ಫೆಬ್ರವರಿಯಲ್ಲಿ ವಿಡಿಯೊ ಸಂಪರ್ಕದ ಮೂಲಕ ಅವನ ಮುಖ್ಯ ವಿಚಾರಣೆ ನಡೆಸಿದವರೂ ಇವರೇ. ಯಾವ ಗಲ್ಲಿನ ಲೆಕ್ಕದಲ್ಲೂ ಈ ಎರಡು ಕೆಲಸಗಳಿಗೆ ಜಾಗವಿಲ್ಲ.

ಅದೇ ತೀರ್ಪಿನ ಇನ್ನೊಂದು ಭಾಗವನ್ನೂ ನೋಡಬೇಕು. ದಾಳಿಗೆ ನಕ್ಷೆ ಬರೆದುಕೊಟ್ಟರೆಂದು ಇಬ್ಬರು ಭಾರತೀಯರ ಮೇಲೆ ಆರೋಪವಿತ್ತು. ಆ ನಕ್ಷೆ ಗಿರಗಾಂವ್ ಚೌಪಾಟಿಯಲ್ಲಿ ಸತ್ತ ದಾಳಿಕೋರ ಅಬು ಇಸ್ಮಾಯಿಲ್‌ನ ಪ್ಯಾಂಟಿನ ಜೇಬಿನಲ್ಲಿ ಸಿಕ್ಕಿತೆಂಬುದು ಪ್ರಾಸಿಕ್ಯೂಷನ್ನಿನ ಕಥೆ. ನ್ಯಾಯಾಧೀಶರು ಆ ಕಾಗದವನ್ನು ನೋಡಿದರು: ಹಾಕಿದ್ದ ಬಟ್ಟೆ ರಕ್ತದಲ್ಲಿ ತೊಯ್ದಿದ್ದರೂ ಜೇಬಿನಲ್ಲಿದ್ದ ಕಾಗದಕ್ಕೆ ರಕ್ತದ ಕಲೆಯಿಲ್ಲ, ಮುದುಡಿದ ಗುರುತಿಲ್ಲ. ಇಬ್ಬರೂ ಖುಲಾಸೆಯಾದರು, ಸುಪ್ರೀಂ ಕೋರ್ಟಿನವರೆಗೂ ಆ ಖುಲಾಸೆ ಉಳಿಯಿತು. ಪೊಲೀಸರು ತಂದಿತ್ತ ಪುರಾವೆಯನ್ನು ಕಟಕಟೆಯ ಮುಂದಿಡುವ ಮೊದಲು ಅನುಮಾನದಿಂದ ನೋಡುವುದು ಯಾರ ಕೆಲಸ? ನ್ಯಾಯಾಧೀಶರಿಗಿಂತ ಮುಂಚೆ ಅದು ಅಭಿಯೋಜಕರ ಕೆಲಸ. ಶಿವಕುಮಾರ್ ವಿರುದ್ಧ ಹುಕಂ ಚಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಿದ್ದು ಇದನ್ನೇ: ಸತ್ಯಾಂಶ ಏನೇ ಇರಲಿ, ಹೇಗಾದರೂ ಮಾಡಿ ಆರೋಪಿಗೆ ಶಿಕ್ಷೆಯಾಗಲೇಬೇಕೆಂಬ ದಾಹ ಅಭಿಯೋಜಕರಿಗೆ ಇರಕೂಡದು, ಆರೋಪಿಗೆ ಅನುಕೂಲವಾದ ಅಂಶವಿದ್ದರೆ ಅದನ್ನು ಮುಚ್ಚಿಡದೆ ನ್ಯಾಯಾಲಯದ ಮುಂದಿಡುವುದೂ ಅವರ ಹೊಣೆ. ನಿಕಂ ನಡೆಸಿದ, ಸಂಗೀತ ಉದ್ಯಮಿ ಗುಲ್ಶನ್ ಕುಮಾರ್ ಕೊಲೆ ಪ್ರಕರಣದಲ್ಲಿ ಆರೋಪಿಗಳು 19, 2002ರಲ್ಲಿ ಶಿಕ್ಷೆಯಾದದ್ದು ಒಬ್ಬನಿಗೆ ಎಂಬುದನ್ನೂ ಹೇಳದೆ ಬಿಟ್ಟರೆ ದಾಖಲೆ ಪೂರ್ತಿಯಾಗುವುದಿಲ್ಲ. ಖುಲಾಸೆಗಳನ್ನು ಎಣಿಸದ ಪಟ್ಟಿಯನ್ನು ನಾವು ನಂಬುವುದಿಲ್ಲ.

ಖೈರ್ಲಾಂಜಿಯ ಬಗ್ಗೆ ಒಂದು ಮಾತು ಉಳಿದಿದೆ. ಅಲ್ಲಿ ಆರು ಗಲ್ಲು ಬಂದಾಗಲೂ ಅನೇಕ ದಲಿತ ಸಂಘಟನೆಗಳು ಸಮಾಧಾನಪಡಲಿಲ್ಲ. ಕಾರಣ, ಕೊಲೆಯ ಹಿಂದೆ ಜಾತಿದ್ವೇಷವಿತ್ತೆಂಬುದನ್ನು ವಿಚಾರಣಾ ನ್ಯಾಯಾಲಯ ಒಪ್ಪಲಿಲ್ಲ, ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಡಿ ಶಿಕ್ಷೆಯಾಗಲಿಲ್ಲ. ಸಂಖ್ಯೆಯ ದೃಷ್ಟಿಯಿಂದ ಅದು ದೊಡ್ಡ ಗೆಲುವು; ನೊಂದವರ ದೃಷ್ಟಿಯಿಂದ, ಏಕೆ ಕೊಂದರು ಎಂಬ ಪ್ರಶ್ನೆಯೇ ತೀರ್ಪಿನಿಂದ ಹೊರಗುಳಿಯಿತು.

ಇನ್ನು ಬಿರಿಯಾನಿ. ಕಸಬ್ ಸೆರೆಮನೆಯಲ್ಲಿ ಮಟನ್ ಬಿರಿಯಾನಿ ಕೇಳುತ್ತಾನೆಂಬ ಮಾತು ವರ್ಷಗಟ್ಟಲೆ ರಾಜಕೀಯ ಭಾಷಣಗಳಲ್ಲಿ ಓಡಾಡಿತು. ಆತ ಹಾಗೆ ಕೇಳಿಯೇ ಇರಲಿಲ್ಲ, ಅವನ ಪರವಾಗಿ ಕನಿಕರದ ಅಲೆ ಏಳುತ್ತಿದ್ದುದನ್ನು ಮುರಿಯಲು ತಾವೇ ಕಟ್ಟಿದ ಮಾತು ಅದು ಎಂದು 2015ರ ಮಾರ್ಚ್‌ನಲ್ಲಿ ಜೈಪುರದ ಸಮ್ಮೇಳನವೊಂದರ ಸಮಯದಲ್ಲಿ ಹೇಳಿದವರು ಸ್ವತಃ ನಿಕಂ. ಕೆದಕಿದವರು ನಾವಲ್ಲ. ನ್ಯಾಯಾಲಯದ ಒಳಗೆ ಸುಳ್ಳು ಹೇಳಲಿಲ್ಲವಲ್ಲ, ಹೊರಗೆ ಪತ್ರಕರ್ತರಿಗೆ ಹೇಳಿದರೆ ಏನಾಯಿತು ಎಂದು ತಾವು ಬರೆದಿದ್ದೀರಿ. ಆ ವಾದವನ್ನು ನಾವು ಒಪ್ಪಲಾರೆವು. ಅಭಿಯೋಜಕರು ರಾಜ್ಯದ ಹೆಸರಿನಲ್ಲಿ ಮಾತನಾಡುವವರು. ಸಾಕ್ಷ್ಯ ಅಷ್ಟು ಬಲವಾಗಿದ್ದ ಮೊಕದ್ದಮೆಗೆ ಕಟ್ಟುಕಥೆಯ ಊರುಗೋಲು ಬೇಕಿರಲಿಲ್ಲ, ಮತ್ತು ಇಂದಿಗೂ ಆ ಮಾತನ್ನು ನಿಜವೆಂದು ನಂಬಿದವರು ನಮ್ಮ ಓದುಗರಲ್ಲೇ ಇದ್ದಾರೆಂಬುದು ಬಂದ ಪತ್ರಗಳಿಂದ ತಿಳಿಯಿತು. 2016ರಲ್ಲಿ ಅವರಿಗೆ ಪದ್ಮಶ್ರೀ ಬಂದದ್ದು, 2024ರಲ್ಲಿ ಮುಂಬೈ ಉತ್ತರ ಮಧ್ಯ ಕ್ಷೇತ್ರದಿಂದ ಬಿಜೆಪಿ ಅಭ್ಯರ್ಥಿಯಾಗಿ ಸೋತದ್ದು, ಸೋತ ಮೇಲೆ ಮತ್ತೆ ವಿಶೇಷ ಅಭಿಯೋಜಕರಾಗಿ ನೇಮಕಗೊಂಡು ವಿರೋಧ ಪಕ್ಷಗಳ ಟೀಕೆಗೆ ಒಳಗಾದದ್ದು, 2025ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡದ್ದು ಲೇಖನದಲ್ಲಿ ಒಂದೇ ಪ್ಯಾರಾದಲ್ಲಿ ಬಂದಿದೆ. ಅಷ್ಟು ಸಾಕೆಂದು ನಮ್ಮ ಭಾವನೆ.

ಕರ್ನಾಟಕದ ಮಾತಿಗೆ ಬರೋಣ. ಈ ಪ್ರಶ್ನೆ ಕೇಳಿದ್ದಕ್ಕೆ ತಮಗೆ ಕೃತಜ್ಞರು, ಏಕೆಂದರೆ ಸಂಖ್ಯೆಯ ಅಳತೆಗೋಲು ಎಷ್ಟು ಸೊಟ್ಟ ಎಂಬುದಕ್ಕೆ ಹಿರಿಯ ವಕೀಲ ಬಿ.ವಿ. ಆಚಾರ್ಯ ಅವರ ವೃತ್ತಿಜೀವನದಷ್ಟು ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣವನ್ನು ಸುಪ್ರೀಂ ಕೋರ್ಟ್ 2003ರ ನವೆಂಬರ್ 18ರಂದು ಚೆನ್ನೈಯಿಂದ ಬೆಂಗಳೂರಿಗೆ ವರ್ಗಾಯಿಸಿತು. 2005ರಲ್ಲಿ ಆಚಾರ್ಯರು ಅದರ ವಿಶೇಷ ಅಭಿಯೋಜಕರಾದರು. ಆ ಹೊಣೆ ಮತ್ತು ರಾಜ್ಯದ ಅಡ್ವೊಕೇಟ್ ಜನರಲ್ ಹುದ್ದೆ ಎರಡರಲ್ಲಿ ಒಂದನ್ನು ಆಯ್ದುಕೊಳ್ಳುವ ಪ್ರಸಂಗ 2012ರಲ್ಲಿ ಬಂದಾಗ ಹುದ್ದೆಯನ್ನೇ ಬಿಟ್ಟುಕೊಟ್ಟು ಪ್ರಕರಣವನ್ನು ಉಳಿಸಿಕೊಂಡರು. ಅದೇ ವರ್ಷ ಆಗಸ್ಟ್‌ನಲ್ಲಿ, ಒತ್ತಡಗಳಿಂದ ಬೇಸತ್ತು, ಪ್ರಕರಣವನ್ನೂ ಬಿಟ್ಟರು. 2014ರ ಸೆಪ್ಟೆಂಬರ್ 27ರಂದು ನ್ಯಾಯಾಧೀಶ ಜಾನ್ ಮೈಕೆಲ್ ಡಿ’ಕುನ್ಹ ಅವರು ಜಯಲಲಿತಾ ಅವರಿಗೆ ನಾಲ್ಕು ವರ್ಷ ಸೆರೆ, ನೂರು ಕೋಟಿ ರೂಪಾಯಿ ದಂಡ ವಿಧಿಸಿದಾಗ ಅಭಿಯೋಜಕರ ಜಾಗದಲ್ಲಿದ್ದವರು ಬೇರೆಯವರು. ಏಳು ವರ್ಷ ಅಡಿಪಾಯ ಹಾಕಿದವರ ಲೆಕ್ಕಕ್ಕೆ ಆ ತೀರ್ಪು ಸೇರುವುದಿಲ್ಲ.

ಮುಂದಿನದು ಇನ್ನೂ ಸ್ವಾರಸ್ಯಕರ. ಆ ಶಿಕ್ಷೆಯ ವಿರುದ್ಧ ಜಯಲಲಿತಾ ಸಲ್ಲಿಸಿದ ಮೇಲ್ಮನವಿಯಲ್ಲಿ ಹೈಕೋರ್ಟಿನಲ್ಲಿ ವಾದ ಮಾಡಿದ ಅಭಿಯೋಜಕರನ್ನು ನೇಮಿಸಲು ತಮಿಳುನಾಡು ಸರ್ಕಾರಕ್ಕೆ ಅಧಿಕಾರವೇ ಇರಲಿಲ್ಲವೆಂದು ಸುಪ್ರೀಂ ಕೋರ್ಟ್ 2015ರ ಏಪ್ರಿಲ್ 27ರಂದು ಹೇಳಿತು; ಆದರೆ ಮತ್ತೆ ವಾದ ಕೇಳಬೇಕಿಲ್ಲ, ಕರ್ನಾಟಕ ಲಿಖಿತ ವಾದ ಸಲ್ಲಿಸಲಿ ಎಂದಿತು. ಆಚಾರ್ಯರು ಮತ್ತೆ ನೇಮಕಗೊಂಡು ಮರುದಿನವೇ ಅದನ್ನು ಸಲ್ಲಿಸಿದರು. ಬಾಯಿಬಿಟ್ಟು ವಾದಿಸುವ ಅವಕಾಶ ಸಿಗಲಿಲ್ಲ. ಮೇ 11ರಂದು ಜಯಲಲಿತಾ ಮತ್ತು ಉಳಿದ ಮೂವರು ಆರೋಪಿಗಳೂ ಖುಲಾಸೆಯಾದರು. ತೀರ್ಪಿನ ಪುಟಗಳಲ್ಲಿ ಬ್ಯಾಂಕ್ ಸಾಲಗಳ ಒಂದು ಪಟ್ಟಿಯಿತ್ತು. ಅದರ ಮೊತ್ತ 24.17 ಕೋಟಿ ಎಂದು ಬರೆದಿತ್ತು. ಪಟ್ಟಿಯ ಹತ್ತು ಸಾಲಗಳನ್ನು ಕೂಡಿಸಿದರೆ ಬರುವುದು 10.67 ಕೋಟಿ. ಆದಾಯದ ಬದಿಗೆ ಸುಮಾರು ಹದಿಮೂರೂವರೆ ಕೋಟಿ ಹೆಚ್ಚಾಗಿ ಸೇರಿದ್ದರಿಂದ, ಆದಾಯ ಮೀರಿದ ಆಸ್ತಿ ಶೇ 8.12 ಮಾತ್ರ ಎಂಬ ಲೆಕ್ಕ ಬಂದಿತ್ತು, ಖುಲಾಸೆಗೆ ಆಧಾರವಾದದ್ದು ಅದೇ. ಸರಿಪಡಿಸಿದರೆ ಅದು ಶೇ 76 ದಾಟುತ್ತದೆ. ಇದನ್ನು ಬೊಟ್ಟು ಮಾಡಿ ತೋರಿಸಿದವರಲ್ಲಿ ಆಚಾರ್ಯರು ಮುಂಚೂಣಿಯಲ್ಲಿದ್ದರು. ಕರ್ನಾಟಕ ಮೇಲ್ಮನವಿ ಹೋಯಿತು, 2017ರ ಫೆಬ್ರವರಿ 14ರಂದು ಸುಪ್ರೀಂ ಕೋರ್ಟ್ ವಿಚಾರಣಾ ನ್ಯಾಯಾಲಯದ ತೀರ್ಪನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ಮೊದಲ ಆರೋಪಿ ಜಯಲಲಿತಾ ತೀರಿಕೊಂಡಿದ್ದರಿಂದ ಅವರ ಮಟ್ಟಿಗೆ ಪ್ರಕರಣ ಕೊನೆಗೊಂಡಿತ್ತು. ಸೆರೆಗೆ ಹೋದವರು ಉಳಿದ ಮೂವರು. ಒಂದು ಕೂಡುವ ಲೆಕ್ಕವನ್ನು ಕೂಡಿ ನೋಡಿದ್ದು ಯಾವ ಶಿಕ್ಷೆಯ ಪಟ್ಟಿಯಲ್ಲೂ ಬರುವುದಿಲ್ಲ. ಆದರೂ ಪರಪ್ಪನ ಅಗ್ರಹಾರದ ಬಾಗಿಲು ಆ ಮೂವರಿಗೆ ತೆರೆಯುವಲ್ಲಿ ಅದರ ಪಾಲು ಸಣ್ಣದಲ್ಲ.

ತಮ್ಮ ಪತ್ರದ ಕೊನೆಯಲ್ಲಿ, ನಿಕಂ ಅವರ ಅಂಕಿಗಳನ್ನು ಚೌಕಟ್ಟಿನಲ್ಲಿ ಹಾಕಿ ಮರುಮುದ್ರಿಸಬೇಕೆಂದು ಕೋರಿದ್ದೀರಿ. ಚೌಕಟ್ಟನ್ನು ಹಾಕುತ್ತೇವೆ. ಅದರಲ್ಲಿ ಅವರು ನಡೆಸಿದ ಮುಖ್ಯ ಪ್ರಕರಣಗಳ ಹೆಸರು, ಆರೋಪಿಗಳ ಸಂಖ್ಯೆ, ಶಿಕ್ಷೆಯಾದವರು, ಖುಲಾಸೆಯಾದವರು, ಹೈಕೋರ್ಟ್ ಏನು ಹೇಳಿತು, ಸುಪ್ರೀಂ ಕೋರ್ಟ್ ಏನು ಹೇಳಿತು ಎಂಬ ಕಾಲಮುಗಳಿರುತ್ತವೆ. ಒಟ್ಟು ಮೊತ್ತದ ಸಾಲು ಇರುವುದಿಲ್ಲ. ಆಚಾರ್ಯರ ಕುರಿತು ಪ್ರತ್ಯೇಕ ಲೇಖನವೊಂದನ್ನು ಬರೆಸುವ ಯೋಚನೆಯಿದೆ, ಮತ್ತು ತಾಲ್ಲೂಕು ನ್ಯಾಯಾಲಯಗಳಲ್ಲಿ ಅಭಿಯೋಜಕರಾಗಿ ದುಡಿದು ನಿವೃತ್ತರಾದವರು ತಮ್ಮ ಪರಿಚಯದಲ್ಲಿದ್ದರೆ, ಅವರಿಗೆ ನಮ್ಮ ಕಚೇರಿಗೆ ಒಂದು ಪತ್ರ ಬರೆಯುವಂತೆ ದಯವಿಟ್ಟು ತಿಳಿಸಿ.

— ಸಂಪಾದಕ