ದಾವಣಗೆರೆ ಸೀಮೆಯಲ್ಲಿ ಮಾಜಿ ಸೈನಿಕರ ಸಮಾಧಿಗಳ ಆರೈಕೆಗೆ ಕೈಜೋಡಿಸುವುದು ಹೇಗೆ?

ಹೊರದೇಶಗಳಲ್ಲಿ ಸ್ವಯಂಸೇವಕರು ಸೈನಿಕರ ಸಮಾಧಿಗಳನ್ನು ತೊಳೆದು ನೋಡಿಕೊಳ್ಳುವ ವಿಡಿಯೊಗಳನ್ನು ಕಂಡು, ಅದೇ ಸೇವೆಯನ್ನು ದಾವಣಗೆರೆಯಲ್ಲಿ ಯಾರನ್ನು ಕೇಳಿ, ಯಾವ ಸಾಮಗ್ರಿ ಹಿಡಿದು ಆರಂಭಿಸಬೇಕೆಂದು ನೀವು ಕೇಳಿದ್ದೀರಿ. ಕೆಲವು ಗೆಳೆಯರೊಡನೆ ದಾವಣಗೆರೆ, ಜಗಳೂರು, ಚಿತ್ರದುರ್ಗದ ಸುತ್ತಿನ ಹಳ್ಳಿಗಳಲ್ಲಿ ಈ ಕೆಲಸ ಮಾಡುತ್ತ ಬಂದಿರುವುದರಿಂದ, ನನಗೆ ತಿಳಿದದ್ದನ್ನು ಬರೆಯುತ್ತೇನೆ.

ನೀವು ನೋಡಿದ ಸಾಲುಸಾಲು ಬಿಳಿಕಲ್ಲಿನ ಸ್ಮಶಾನಗಳಿಗೆ ಒಂದೊಂದು ಸಂಸ್ಥೆಯ ಉಸ್ತುವಾರಿ ಇರುತ್ತದೆ. 1917ರಲ್ಲಿ ಹುಟ್ಟಿದ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಚೆನ್ನೈ, ಪುಣೆಯ ಖಡ್ಕಿ ಮೊದಲಾದ ಕಡೆ ಇಂಥ ಸ್ಮಶಾನಗಳನ್ನು ಇಂದಿಗೂ ನೋಡಿಕೊಳ್ಳುತ್ತಿದೆ. ಆದರೆ ಅದರ ಹೊಣೆ ಎರಡು ಮಹಾಯುದ್ಧಗಳ ಕಾಲದಲ್ಲಿ ಮಡಿದವರಿಗೆ ಸೀಮಿತ, ಎರಡನೆಯ ಯುದ್ಧದ ಲೆಕ್ಕ 1947ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ನಮ್ಮ ಮಾಜಿ ಸೈನಿಕರಾದರೋ ಸೇವೆ ಮುಗಿಸಿ ಊರಿಗೆ ಮರಳಿ, ಹೊಲ ಉತ್ತು, ಮಕ್ಕಳ ಮದುವೆ ಮಾಡಿ, ವಯಸ್ಸಾಗಿ ತೀರಿಕೊಂಡವರು. ದಹನವಾದವರಿಗೆ ಸಮಾಧಿಯೇ ಇರುವುದಿಲ್ಲ. ಉಳಿದವರಲ್ಲಿ ಲಿಂಗಾಯತರು ರುದ್ರಭೂಮಿಯಲ್ಲೋ ಸ್ವಂತ ಹೊಲದ ಬದುವಿನಲ್ಲೋ, ಮುಸ್ಲಿಮರು ಖಬರಸ್ಥಾನದಲ್ಲಿ, ಕ್ರೈಸ್ತರು ಚರ್ಚಿನ ಸ್ಮಶಾನದಲ್ಲಿ, ತಮ್ಮ ತಮ್ಮ ಬಂಧುಗಳ ನಡುವೆಯೇ ಮಲಗಿದ್ದಾರೆ. ಆದ್ದರಿಂದ ಇಲ್ಲಿ ಈ ಕೆಲಸ ಆರಂಭವಾಗಬೇಕಾದದ್ದು ಸ್ಮಶಾನದಲ್ಲಲ್ಲ, ಆ ಮನೆಯ ಜಗಲಿಯ ಮೇಲೆ.

ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ, ತಾಲ್ಲೂಕಿನ ಮಾಜಿ ಸೈನಿಕರ ಸಂಘದಲ್ಲಿ ವಿಚಾರಿಸಿದರೆ ಕುಟುಂಬಗಳ ಸುಳಿವು ಸಿಗುತ್ತದೆ. ಮನೆಯವರ ಒಪ್ಪಿಗೆಯ ಜೊತೆಗೆ ರುದ್ರಭೂಮಿಯಾದರೆ ಸಮಾಜದ ಹಿರಿಯರನ್ನು, ಖಬರಸ್ಥಾನವಾದರೆ ಜಮಾತಿನವರನ್ನು ಕೇಳಲೇಬೇಕು. ಎಲ್ಲರೂ ತೊಳೆಯಿರಿ ಎನ್ನುವುದಿಲ್ಲ. ಮಹಾಲಯ ಅಮಾವಾಸ್ಯೆಗೆ ತಾವೇ ಸುಣ್ಣ ಬಳಿಯುವ ಮನೆಯವರು, ಗದ್ದುಗೆಯನ್ನು ಹೊರಗಿನವರು ಮುಟ್ಟುವುದು ಬೇಡ, ಸುತ್ತಲಿನ ಜಾಲಿ ಕಡಿದುಕೊಟ್ಟರೆ ಸಾಕು ಎಂದದ್ದುಂಟು. ಅಲ್ಲಿ ಜಾಲಿ ಕಡಿಯುವುದೇ ಪೂರ್ತಿ ಸೇವೆ ಎಂದು ನಾನು ನಂಬುತ್ತೇನೆ. ವಿಭೂತಿ, ಹೂವು, ಚಾದರ ಇವೆಲ್ಲ ಮನೆಯವರ ಕೈಯಿಂದಲೇ ಆಗಬೇಕಾದ ಕೆಲಸಗಳು.

ಕಲ್ಲಿನ ವಿಷಯಕ್ಕೆ ಬಂದರೆ, ಸ್ವಯಂಸೇವಕರ ಉತ್ಸಾಹದಿಂದಲೇ ಹೆಚ್ಚು ಹಾನಿಯಾಗುವುದು ಇಲ್ಲಿ. ಶೌಚಾಲಯ ತೊಳೆಯುವ ಆ್ಯಸಿಡ್ ತಂದು ಸುರಿಯುವವರನ್ನು ದಯವಿಟ್ಟು ತಡೆಯಿರಿ. ಅಮೃತಶಿಲೆ ಮೂಲತಃ ಸುಣ್ಣದ ಅಂಶದ ಕಲ್ಲಾದ್ದರಿಂದ ಆ್ಯಸಿಡ್ ಬಿದ್ದೊಡನೆ ನೊರೆಯೆದ್ದು, ಕೊಳೆಯ ಜೊತೆಗೆ ಅಕ್ಷರದ ಅಂಚೂ ಕರಗಿಹೋಗುತ್ತದೆ. ಗ್ರಾನೈಟ್ ಒಂದು ವೇಳೆ ತಡೆದುಕೊಂಡರೂ ಅದನ್ನು ಹಿಡಿದಿರುವ ಸಿಮೆಂಟು ತಡೆಯುವುದಿಲ್ಲ. ಬ್ಲೀಚಿಂಗ್ ಪುಡಿ ಅಂದಿಗೆ ಬೆಳ್ಳಗೆ ಕಾಣಿಸಿದರೂ ಅದರ ಲವಣ ಕಲ್ಲಿನ ರಂಧ್ರಗಳಲ್ಲಿ ಉಳಿದು, ಒಣಗಿ ಹರಳುಗಟ್ಟಿದಾಗ ಮೇಲ್ಪದರವನ್ನು ಹಕ್ಕಳೆಯಂತೆ ಎಬ್ಬಿಸುತ್ತದೆ. ಬೇಕಾಗಿರುವುದು ಶುದ್ಧ ನೀರು, ಮೆತ್ತನೆಯ ನೈಲಾನ್ ಬ್ರಷ್ ಮತ್ತು ತಾಳ್ಮೆ. ಕಲ್ಲನ್ನು ಮೊದಲು ಚೆನ್ನಾಗಿ ನೆನೆಸಿ, ಕೆಳಗಿನಿಂದ ಮೇಲಕ್ಕೆ ಉಜ್ಜುತ್ತ ಹೋದರೆ ಕೊಳೆನೀರಿನ ಗೆರೆಗಳು ಉಳಿಯುವುದಿಲ್ಲ. ಅಕ್ಷರಗಳ ಸಂದಿಯಲ್ಲಿ ಕೂತ ಕಲ್ಲುಹೂವನ್ನು ಒಣಗಿರುವಾಗ ಕೆರೆಯಬಾರದು. ಒದ್ದೆ ಬಟ್ಟೆ ಹೊದಿಸಿ ಸ್ವಲ್ಪ ಹೊತ್ತು ಬಿಟ್ಟರೆ ಅದು ಉಬ್ಬಿ ಮೆತ್ತಗಾಗಿ, ಬಿದಿರಿನ ಕಡ್ಡಿಯ ತುದಿಗೆ ಸಿಪ್ಪೆಯಂತೆ ಏಳುತ್ತದೆ, ಅದರಡಿಯಲ್ಲಿ ‘ಹವಾಲ್ದಾರ್’ ಎಂಬುದರ ಒಂದೊಂದೇ ಅಕ್ಷರ ಹೊರಬರುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಕಲ್ಲು ಪದರ ಬಿಡುತ್ತಿದ್ದರೆ, ಅಲ್ಲಿಗೆ ಕೈ ಹಿಂತೆಗೆಯಬೇಕು.

ನಮ್ಮ ಸೀಮೆಗೆ ಇನ್ನೊಂದು ತೊಡಕಿದೆ, ಅದು ಎರೆಭೂಮಿ. ಮಳೆಗಾಲದಲ್ಲಿ ಹಿಗ್ಗಿ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವ ಈ ಮಣ್ಣಿನ ಮೇಲೆ ಕಟ್ಟೆಗಳು ವಾಲುವುದು ಸಹಜ. ಬಿರುಕಿಗೆ ಸಿಮೆಂಟು ತುಂಬಿದರೆ ಮುಂದಿನ ಬೇಸಿಗೆಗೆ ಅದರ ಪಕ್ಕದಲ್ಲಿ ಮತ್ತೊಂದು ಬಿರುಕು ಬಿಡುವುದು ಖಂಡಿತ. ಮಳೆನೀರು ಬುಡದಲ್ಲಿ ನಿಲ್ಲದಂತೆ ಸಣ್ಣ ಕಾಲುವೆ ತೆಗೆದು, ಸುತ್ತ ಮೊರಂ ಹಾಸುವುದರಿಂದ ಹೆಚ್ಚು ಪ್ರಯೋಜನವಿದೆ. ಬಿರುಕಿನಲ್ಲಿ ಹುಟ್ಟಿದ ಅರಳಿ, ಆಲದ ಸಸಿಯನ್ನು ಕಿತ್ತರೆ ಕಟ್ಟೆಯೂ ಕಿತ್ತುಬರುತ್ತದೆ, ಬುಡಕ್ಕೆ ಕತ್ತರಿಸಬೇಕು. ಪಾರ್ಥೇನಿಯಂ ಅನ್ನು ಹೂಬಿಡುವ ಮೊದಲೇ, ಕೈಗವಸು ಹಾಕಿಕೊಂಡು ಕೀಳಬೇಕು. ಒಣಹುಲ್ಲಿಗೆ ಬೆಂಕಿ ಹಚ್ಚುವ ಸುಲಭದ ದಾರಿ ಮಾತ್ರ ಎಂದಿಗೂ ಬೇಡ: ಹಿಂದೆ ಬಂಡೆ ಸೀಳಲು ಕಲ್ಲುಕುಟಿಗರು ಬಳಸುತ್ತಿದ್ದ ಉಪಾಯವೇ ಅದು.

ಅಭಿಮಾನದಿಂದ ಕಟ್ಟೆಗೆ ತ್ರಿವರ್ಣ ಬಳಿಯೋಣ ಎನ್ನುವ ಗೆಳೆಯರು ಸಿಗುತ್ತಾರೆ. ಸೇನಾ ಗೌರವದ ಅಂತ್ಯಕ್ರಿಯೆಯಲ್ಲಿ ಹೊದಿಸಿದ ಧ್ವಜವನ್ನೂ ಗುಂಡಿಗೆ ಇಳಿಸಬಾರದೆಂದು ಧ್ವಜ ಸಂಹಿತೆ ಹೇಳುವಾಗ, ದನಕರು ಓಡಾಡುವ, ಮಳೆಗೆ ಬಣ್ಣ ಕಿತ್ತುಹೋಗುವ ಜಾಗದಲ್ಲಿ ಅದನ್ನು ಬಳಿಯುವುದು ನನಗೆ ಸರಿ ಕಾಣುವುದಿಲ್ಲ.

ಈ ಕೆಲಸಕ್ಕೆ ಓಡಾಡುವಾಗ ಊರಬಾಗಿಲಲ್ಲಿ, ಕೆರೆ ಏರಿಯ ಮೇಲೆ ವೀರಗಲ್ಲುಗಳೂ ಎದುರಾಗುತ್ತವೆ: ಕೆಳಗೆ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗ, ಸೂರ್ಯ, ಚಂದ್ರ. ತುರುಗೊಳ್ ಎಂಬ ದನಗಳ ಸೂರೆಯ ಕಾದಾಟದಲ್ಲೋ, ಊರಳಿವು ಎಂಬ ಊರಿನ ಮೇಲಿನ ದಾಳಿಯಲ್ಲೋ ಬಿದ್ದ ಅವರೂ ಸೈನಿಕರೇ ಎಂಬ ಭಾವ ಬರುವುದು ನ್ಯಾಯವೇ ಆದರೂ, ಅವುಗಳಿಗೆ ಬ್ರಷ್ ತಾಗಿಸಬೇಡಿ. ಮಣ್ಣಲ್ಲಿ ಹೂತಿದ್ದರೆ, ಬಟ್ಟೆ ಒಗೆಯುವ ಕಲ್ಲಾಗಿದ್ದರೆ, ಪಟ ತೆಗೆದು ಪುರಾತತ್ವ ಇಲಾಖೆಗೂ ಗ್ರಾಮ ಪಂಚಾಯಿತಿಗೂ ಬರೆಯಿರಿ.

ತೊಳೆಯುವಷ್ಟೇ ಮುಖ್ಯವಾದದ್ದು ಬರೆದಿಡುವುದು. ಮುಂಜಾನೆಯ ಓರೆಬಿಸಿಲಿನಲ್ಲಿ, ಇಲ್ಲವೇ ಕನ್ನಡಿಯಿಂದ ಬೆಳಕನ್ನು ಪಕ್ಕಕ್ಕೆ ಹಾಯಿಸಿದರೆ, ಸವೆದ ಅಕ್ಷರಗಳನ್ನೂ ಓದಬಹುದು. ಸೀಮೆಸುಣ್ಣ ತಿಕ್ಕುವ ಅಗತ್ಯವಿಲ್ಲ. ಹೆಸರು, ಹುದ್ದೆ, ಸೇನಾ ಸಂಖ್ಯೆ, ರೆಜಿಮೆಂಟ್ ಇವನ್ನು ಇದ್ದಂತೆಯೇ ನಕಲಿಸಿ, ಒಂದು ಪ್ರತಿಯನ್ನು ಮನೆಯವರಿಗೆ ಕೊಡಿ. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಅಥವಾ ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರಕ್ಕೆ ಮೊಮ್ಮಕ್ಕಳು ಮುಂದೆಂದಾದರೂ ಅಜ್ಜನ ಸೇವಾ ವಿವರ ಕೇಳಿ ಬರೆಯಬೇಕಾದರೆ, ಬಹಳ ಮನೆಗಳಲ್ಲಿ ಆ ಸಂಖ್ಯೆ ಉಳಿದಿರುವುದು ಕಲ್ಲಿನ ಮೇಲೆ ಮಾತ್ರ.

ಆರಂಭಕ್ಕೆ ಡಿಸೆಂಬರ್ ಒಳ್ಳೆಯ ಕಾಲ. 7ನೇ ತಾರೀಖು ಸಶಸ್ತ್ರ ಪಡೆಗಳ ಧ್ವಜ ದಿನವಾದ್ದರಿಂದ ಸಂಘದವರು ಒಂದೆಡೆ ಸಿಗುತ್ತಾರೆ, ಅಷ್ಟರಲ್ಲಿ ಮೆಕ್ಕೆಜೋಳದ ಕಟಾವೂ ಮುಗಿದು ಹೊಲದ ನಡುವಿನ ಸಮಾಧಿಗಳಿಗೆ ದಾರಿ ಬಿಟ್ಟಿರುತ್ತದೆ. ಹೋಗುವಾಗ ನೀರಿನ ಕ್ಯಾನುಗಳನ್ನು ಊರಿನಿಂದಲೇ ತುಂಬಿಕೊಂಡು ಹೋಗಿ. ಕೊಳವೆಬಾವಿಯ ಗಡಸು ನೀರಾದರೆ, ತೊಳೆದ ಮೇಲೆ ಹತ್ತಿ ಬಟ್ಟೆಯಿಂದ ಕಲ್ಲನ್ನು ಒರೆಸಿಬಿಡಿ, ಇಲ್ಲವಾದರೆ ಬಿಳಿ ಕಲೆ ಕೂರುತ್ತದೆ.